ಕೌಲಿಯನ್ನು ಮಾರಿ ಟ್ರಾನ್ಸಿಸ್ಟರ್ ಕಂಪನಿಯ ಪಾಲು ಕೊಳ್ಳುವ ಬಗ್ಗೆ

ಭೇರ್ಯ
ದಿನಾಂಕ: ೨೩-೧-೧೯೭೪

ಇಂದ,
ಬಿ. ಚೆಲುವಯ್ಯ, ಬಿ.ಎಸ್ಸಿ.,
ವಿಜ್ಞಾನದ ಮೇಷ್ಟ್ರು ಹಾಗೂ ಮನೆ ಅಳಿಯ,
ಭೇರ್ಯ, ಕೃಷ್ಣರಾಜನಗರ ತಾಲ್ಲೂಕು.

ಗೆ,
ಶ್ರೀಮತಿ ಕೆಂಪಾಜಮ್ಮನವರು,
ಕೌಲಿ ಎಂಬ ಹಸುವಿನ ಖಾತೆದಾರರು ಮತ್ತು ಅಡುಗೆಮನೆಯ ಮುಖ್ಯಾಧಿಕಾರಿಗಳು,
ಸದರಿ ಮನೆ.

ಮುಖಾಂತರ: ಶ್ರೀಮತಿ ಸುನಂದಮ್ಮ, ತಮ್ಮ ಮಗಳು, ನನ್ನ ಹೆಂಡತಿ. (ಅತ್ತೆಯಾದ ತಾವು ಅಳಿಯನೊಡನೆ ನೇರವಾಗಿ ಮಾತಾಡುವ ಪದ್ಧತಿ ಇಲ್ಲದ ಕಾರಣ, ಓದಿ ಹೇಳುವ ಸಲುವಾಗಿ.)

ವಿಷಯ: ಕೌಲಿಯನ್ನು ಮಾರಿ ಸೆಮಿಕಂಡಕ್ಟರ್ ಕಂಪನಿಯ ಷೇರು ಕೊಳ್ಳಬಹುದೋ ಕೊಳ್ಳಬಾರದೋ ಎಂಬ ಬಗ್ಗೆ.

ಉಲ್ಲೇಖ: ೧. "ನಿನ್ ಗಂಡುಂಗೆ ಏಳವ್ವ, ಏನಿದ್ರೂ ಬರ್ದು ಕೊಡ್ಲಿ" ಎಂಬ ತಮ್ಮ ನಿನ್ನೆಯ ಮೌಖಿಕ ಆದೇಶ.
೨. ಹಾಲಿಲ್ಲದ ಕಾಫಿ, ಬೆಳಿಗ್ಗೆ ಮತ್ತು ಸಂಜೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ಅರ್ಜಿಯಲ್ಲಿರುವುದೆಲ್ಲ ನಿಜವಾಗಿ ನಡೆದದ್ದೇ ಆಗಿರುತ್ತದೆ. ಸುಳ್ಳಿನ ಭಾಗವನ್ನು ಈಗಾಗಲೇ ರೇಡಿಯೋದಲ್ಲಿ ಓದಿ ಮುಗಿಸಿರುತ್ತೇನೆ.

೧. ಕಬಿನಿ ಸೆಮಿಕಂಡಕ್ಟರ್ಸ್ ಎಂಬ ಕಂಪನಿಯು ಮೈಸೂರಿನಲ್ಲಿ ಬಹುಕಾಲದಿಂದ ನಡೆದುಬಂದಿದ್ದು, ರೇಡಿಯೋದ ಹೊಟ್ಟೆಯೊಳಗೆ ಕೂರುವ ಟ್ರಾನ್ಸಿಸ್ಟರ್ ಎಂಬ ಪುಟ್ಟ ಸಾಮಾನನ್ನು ತಯಾರಿಸುತ್ತದೆ. ಸದರಿ ಕಂಪನಿಯು ಸಾರ್ವಜನಿಕರಿಗೂ ಷೇರು ಕೊಡುವುದಾಗಿ ಪೇಪರಿನಲ್ಲಿ ಹಾಕಿತ್ತು. ಮೇಷ್ಟ್ರ ಸಂಬಳದಲ್ಲಿ ಷೇರು ಬರುವುದಿಲ್ಲವಾದ ಕಾರಣ, ಕೌಲಿಯನ್ನು ಮಾರೋಣವೆಂದು ತಮ್ಮ ಯಜಮಾನರೂ ನನ್ನ ಮಾವನವರೂ ಆದ ಸಣ್ಣಬೀರಯ್ಯನವರಿಗೆ ಸೂಚಿಸಿದೆ. ಹಸು ತಮ್ಮ ತವರಿನಿಂದ ಬಂದ ತಳಿ ಎಂಬುದು ಗೊತ್ತಿದ್ದೂ ತಮ್ಮನ್ನು ಕೇಳಲಿಲ್ಲ. ಅಂದಿನಿಂದ ತಾವು ಕರಿ ಕಾಫಿಯ ಲೋಟವನ್ನು ಹೊಸಿಲ ಮೇಲಿಟ್ಟು, ಕಂಬದ ಕಡೆ ತಿರುಗಿ, "ಅಸ ಮಾರುದ್ ಮ್ಯಾಕೆ ಇಂಗೇ ಕುಡೀಬೇಕಲ್ಲ, ಈಗ್ಲಿಂದ್ಲೇ ರೂಢಿ ಆಗ್ಲಿ" ಎಂದು ಅಪ್ಪಣೆ ಕೊಡಿಸುತ್ತಿದ್ದೀರಿ. ಕಂಬಕ್ಕೆ ಕೇಳಿಸಿತೋ ಇಲ್ಲವೋ, ನನಗೆ ಕೇಳಿಸಿರುತ್ತದೆ.

೨. ಮಾವನವರು ತಕ್ಷಣ ಒಪ್ಪಲೂ ಇಲ್ಲ, ಬೇಡವೆನ್ನಲೂ ಇಲ್ಲ. ಅವರಿಗೆ ರೇಡಿಯೋ ಎಂದರೆ ಪ್ರಾಣ. ಸೆಲ್ಲು ಸೊರಗಿದರೆ ಹೊಸದು ತರದೆ, ಹಂಚಿನ ಮೇಲೆ ಬಿಸಿಲಿಗಿಟ್ಟು ಜೀವ ಬರಿಸುತ್ತಾರೆ. ಹಪ್ಪಳದ ಜಾಗ ಒತ್ತುವರಿಯಾಗುತ್ತಿದೆಯೆಂದು ತಾವು ಹಲವು ಸಲ ತಕರಾರೆತ್ತಿರುವುದು ದಾಖಲೆಯಲ್ಲಿದೆ. ಅಂಥವರು ಕೇಳಿದರು: "ಸೆಮಿಕಂಡಕ್ಟ್ರು ಅಂದ್ರೇನು ಅಳಿಮಯ್ಯ?" ಒಮ್ಮೊಮ್ಮೆ ಕರೆಂಟು ಬಿಡುತ್ತೆ, ಒಮ್ಮೊಮ್ಮೆ ತಡೆಯುತ್ತೆ, ಅಂಥ ಪದಾರ್ಥ ಎಂದೆ. "ಅಂಗಾರೆ ನಮ್ ಸೊಸೈಟಿ ಸೆಕ್ರೆಟ್ರಿ ಇದ್ದಂಗೆ ಅನ್ನಿ" ಎಂದರು. ನಾನು ಮೂರು ವರ್ಷ ಕಾಲೇಜಿನಲ್ಲಿ ಕಲಿತದ್ದು ಅಷ್ಟರಲ್ಲಿ ಮುಗಿಯಿತು.

೩. ಷೇರು ಅಂದರೇನು ಎಂದೂ ಕೇಳಿದರು. ಇಲ್ಲೇ ನಾನು ಎಡವಿದ್ದು. "ಹಸು ಪಾಲಿಗೆ ಬಿಟ್ಟ ಹಾಗೆ ಮಾವ. ನಾವು ಕೊಡೋದು, ಅವರು ಸಾಕೋದು, ಹುಟ್ಟಿದ್ದರಲ್ಲಿ ಇಬ್ಬರಿಗೂ ಪಾಲು" ಎಂದುಬಿಟ್ಟೆ.

೪. ಮಾವನವರ ಒಂದು ಕಡಸು ಪಕ್ಕದೂರಿನ ಸಿದ್ದಯ್ಯನ ಹತ್ತಿರ ಪಾಲಿಗಿರುವುದು ತಮಗೆ ತಿಳಿದೇ ಇದೆ. ಪಾಲಿಗೆ ಬಿಡುವ ಮೊದಲು ಸಾಕುವವನ ದನದ ಹಟ್ಟಿ ನೋಡಬೇಕು. ಆದರೆ ಅವನು ಕರೆಯದೆ ಹೋಗಬಾರದು. ಹೋಗುವಾಗ ಬರಿಗೈಲಿ ಹೋಗದೆ ಒಂದು ಹೊರೆ ಹುಲ್ಲು ಒಯ್ಯಬೇಕು. ಅವನು ಊಟ ಹಾಕಬೇಕು. ಈ ಪ್ರಕಾರ ಮಾವನವರು ನನ್ನ ಮಾತಿಗೆಲ್ಲ ಒಂದೇ ಉತ್ತರ ಕೊಡತೊಡಗಿದರು: "ಅಟ್ಟಿ ನೋಡ್ದೆ ಅಸ ಕಟ್ಟಾದ ಅಳಿಮಯ್ಯ? ಅವ್ರು ಕರೀಲಿ, ಓಗ್ಬತ್ತೀನಿ." ಕಂಪನಿ ಕರೆಯುವುದಿಲ್ಲ ಮಾವ ಎಂದರೆ, "ಅದೆಂಥ ಮರ್ವಾದೆ ಇಲ್ದ ಜನ!" ಎಂದರು. ಕಡತ ಅಲ್ಲೇ ಕೊಳೆಯತೊಡಗಿತು.

೫. ಆದ್ದರಿಂದ, ಕಾಲೇಜು ನಾಟಕಗಳಲ್ಲಿ ಪ್ರಿನ್ಸಿಪಾಲರಿಂದ ಹಿಡಿದು ಹಾಸ್ಟೆಲ್ ಬೆಕ್ಕಿನವರೆಗೆ ಎಲ್ಲರ ದನಿ ತೆಗೆದು ಬಹುಮಾನ ಪಡೆದಿದ್ದ ನಾನು, ಮೊನ್ನೆ ಶನಿವಾರ ಸಂಜೆ ನಡುಮನೆಯ ಕಿಟಕಿಯ ಹಿಂದೆ ಅಡಗಿ ಕೂತೆ. ರೇಡಿಯೋ ಕಿಟಕಿಯ ಮೇಲಿತ್ತು. ಮಾವನವರು ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದರು. ವಾರ್ತೆ ಓದುವವರ ಗಂಟಲಿನಲ್ಲಿ ಶುರುಮಾಡಿದೆ: "ಮೈಸೂರಿನ ಕಬಿನಿ ಸೆಮಿಕಂಡಕ್ಟರ್ಸ್ ಸಂಸ್ಥೆಯು, ಷೇರು ಕೊಳ್ಳಲಿಚ್ಛಿಸುವ ರೈತ ಬಾಂಧವರು ಸೋಮವಾರ ಖುದ್ದಾಗಿ ಬಂದು ಹಟ್ಟಿಯನ್ನು ಪರಿಶೀಲಿಸಬಹುದೆಂದು ತಿಳಿಸಿದೆ. ಬರುವಾಗ ಒಂದು ಹೊರೆ ಹುಲ್ಲು ತರತಕ್ಕದ್ದು."

ಮಾವನವರು ಕಿವಿಯನ್ನು ರೇಡಿಯೋಕ್ಕೆ ಒಡ್ಡಿದರು. ಗುಂಡಿ ತಿರುಗಿಸಿ ದನಿ ಏರಿಸಿದರು, ನಾನೂ ಏರಿಸಿದೆ. ಇಳಿಸಿದರು, ಇಳಿಸಿದೆ. "ಗೊರಗೊರ ಅಂತದಲ್ಲ" ಎಂದು ರೇಡಿಯೋದ ಬೆನ್ನಿಗೊಂದು ಗುದ್ದಿದರು, ಗೊರಗುಡುವುದನ್ನು ನಿಲ್ಲಿಸಿದೆ. ನನ್ನ ಕಲೆಗೆ ನಾನೇ ತಲೆದೂಗಿಕೊಂಡು, ರಾತ್ರಿ ಊಟದ ಹೊತ್ತಿಗೆ ಹೇಳಿ ಎಲ್ಲರನ್ನೂ ನಗಿಸೋಣವೆಂದಿದ್ದೆ. ಅಂದು ಕಾಯಿಸಾರು ಚೆನ್ನಾಗಿದ್ದ ಕಾರಣ ಮರೆತೆ.

೬. ಸೋಮವಾರ ನಾನು ಹಲ್ಲುಜ್ಜುತ್ತಿದ್ದಾಗ ತಾವು ಸುನಂದಮ್ಮನವರಿಗೆ, "ನಿಮ್ಮಪ್ಪ ಉಲ್ಲೊರೆ ಒತ್ಕೊಂಡು ಮೊದಲ್ನೆ ಬಸ್ಗೆ ಓದ್ರು ಕಣವ್ವ. ರೇಡಿಯೋದೋರು ಕರ್ದವ್ರಂತೆ" ಎಂದಿರಿ. ಬಾಯಲ್ಲಿದ್ದ ಪುಡಿ ನುಂಗಿದೆ. ಶಾಲೆಗೆ "ಮಾವನವರಿಗೆ ಏಕಾಏಕಿ ತೊಂದರೆ" ಎಂದು ರಜಾ ಚೀಟಿ ಬರೆದು ಮುಂದಿನ ಬಸ್ ಹಿಡಿದೆ. ಕೃಷ್ಣರಾಜನಗರ ದಾಟುವವರೆಗೂ ಕಣ್ಣ ಮುಂದೆ ಒಂದೇ ಚಿತ್ರ: ಕಾರ್ಖಾನೆ ಗೇಟು, ತಲೆಯ ಮೇಲೆ ಹುಲ್ಲು ಹೊತ್ತ ಮಾವ, ಕತ್ತು ಹಿಡಿದು ದಬ್ಬುವ ಕಾವಲುಗಾರ. ಊರಲ್ಲಿ ತಲೆಯೆತ್ತಿ ನಡೆವ ಮನುಷ್ಯನನ್ನು ನಾಲ್ಕು ಜನರೆದುರು ನಗೆಪಾಟಲು ಮಾಡಿದೆನಲ್ಲ ಎಂದು ಕಿಟಕಿಯಾಚೆ ಥೂ ಎಂದು ಉಗಿದೆ. ಅದಕ್ಕೆ ಹಲ್ಲುಪುಡಿಯೂ ಭಾಗಶಃ ಕಾರಣವಿರಬಹುದು.

೭. ಗೇಟಿನಲ್ಲಿ ಕೇಳಿದೆ. ಕಾವಲುಗಾರ, "ಹುಲ್ಲಿನ ಯಜಮಾನ್ರಾ? ಮ್ಯಾನೇಜರ್ ಸಾಹೇಬ್ರ ಜೊತೆ ಒಳಗವ್ರೆ" ಎಂದ. ಹೊರೆಯು ಗೇಟಿನ ಪಕ್ಕ ಅಚ್ಚುಕಟ್ಟಾಗಿ ಒರಗಿತ್ತು. ಒಳಗೆ ಬಿಳಿ ಕೋಟಿನ ಹುಡುಗಿಯರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಸಾಲಾಗಿ ಕೂತಿದ್ದರು. ಮಾವನವರು ಅಂಗೈಯಲ್ಲಿ ಹುರುಳಿಕಾಳಿನಷ್ಟು ದಪ್ಪದ ಒಂದು ಟ್ರಾನ್ಸಿಸ್ಟರ್ ಇಟ್ಟುಕೊಂಡು ವಿಚಾರಣೆ ನಡೆಸುತ್ತಿದ್ದರು.

"ಮೂರೇ ಕಾಲು ಅವಲ್ಲ ಸಾರ್, ನಾಕ್ನೇದು ಯಾರ್ಗೆ ಕೊಟ್ರಿ?"

ಮ್ಯಾನೇಜರು, ಪಾಪ, ನಗು ತಡೆದು, "ಇದಕ್ಕೆ ಇರೋದೇ ಮೂರು" ಎಂದರು.

"ಓಗ್ಲಿ, ಸಾಕೋರು ಯಾರು?"

"ಡೈರೆಕ್ಟರುಗಳು. ಬೆಂಗಳೂರಿನಲ್ಲಿದ್ದಾರೆ."

"ಅಸ ಇಲ್ಲಿ, ಸಾಕೋರು ಅಲ್ಲಿ! ವರ್ಸ ವರ್ಸ ಕರ ಆಕ್ತದಾ?"

"ಡಿವಿಡೆಂಡಾ? ಇತ್ತೀಚೆಗೆ ತಪ್ಪಿಲ್ಲ. ಮುಂದೆ ಹೇಗೋ ಹೇಳೋಕಾಗಲ್ಲ."

"ಅದು ನಮ್ ಅಸಕ್ಕೂ ಏಳಾಕಾಗಲ್ಲ ಬುಡಿ. ನಂಗೆ ಬ್ಯಾಡಾದಾಗ ಅಗ್ಗ ಬಿಚ್ಕೊಂಡು ಓಗ್ಬೋದಾ?"

"ಕಂಪನಿ ವಾಪಸ್ ತಗೊಳ್ಳಲ್ಲ. ಬೇರೆಯವರಿಗೆ ಮಾರಬೇಕು. ಆ ದಿನ ಎಷ್ಟಕ್ಕೆ ಕೇಳ್ತಾರೋ ಅಷ್ಟು."

"ಸಂತೆ ಇದ್ದಂಗೆ ಅನ್ನಿ. ನಾವು ನೋಡಕ್ ಬಂದ್ರೆ ಊಟ?"

"ವರ್ಷಕ್ಕೊಂದು ಮೀಟಿಂಗು. ಟೀ ಬಿಸ್ಕತ್ತು ಕೊಡ್ತೀವಿ."

"ನಮ್ ಸಿದ್ದಯ್ಯ ಮುದ್ದೆ, ಕಾಳುಸಾರು ಆಕ್ತಾನೆ" ಎಂದು ಮಾವನವರು ದಾಖಲಿಸಿದರು.

೮. ಅಷ್ಟರಲ್ಲಿ ನನ್ನನ್ನು ಕಂಡರು. "ಬನ್ನಿ ಅಳಿಮಯ್ಯ, ಸಾಹೇಬ್ರು ಕೇಳ್ತಾವ್ರೆ, ನಾವ್ಯಾವತ್ತು ರೇಡಿಯೋದಲ್ಲಿ ಏಳಿದ್ವಿ ಅಂತ. ನೀವೇ ಏಳಿ." ನನ್ನ ಎಲ್ಲ ದನಿಗಳೂ ಒಟ್ಟಿಗೆ ರಜಾ ಹಾಕಿದವು. ಆಗ ಮಾವನವರು ಒಳಜೇಬಿಗೆ ಕೈಹಾಕಿ ಎರಡು ಸೆಲ್ಲು ತೆಗೆದು ಮೇಜಿನ ಮೇಲೆ ನಿಲ್ಲಿಸಿದರು.

"ಶನಿವಾರವೆಲ್ಲ ಇವು ಅಂಚಿನ ಮ್ಯಾಲೆ ಬಿಸ್ಲು ಕಾಯ್ತಿದ್ವು ಸಾರ್. ಸೆಲ್ಲೇ ಇಲ್ದೆ ಮಾತಾಡೋ ರೇಡಿಯೋನ ನಮ್ಮನೇಲಿ ಸಾಕೀವ್ನಿ. ಇವ್ರೇಯ ಅದು! ಗುಂಡಿ ತಿರುಗ್ಸಿದ್ರೆ ಎಂಗೆ ಏರ್ತದೆ, ಎಂಗೆ ಇಳೀತದೆ ಅಂತೀರಿ! ಇದ್ಕೆ ನಿಮ್ ಮೂರ್ಕಾಲಿನ ಸಾಮಾನೇ ಬ್ಯಾಡ!"

ಹೀಗೆಂದು ನಕ್ಕರು ನೋಡಿ. ಹುಡುಗಿಯರು ಸೂಕ್ಷ್ಮದರ್ಶಕದಿಂದ ತಲೆಯೆತ್ತಿದರು, ಮ್ಯಾನೇಜರು ಕುರ್ಚಿ ಹುಡುಕಿಕೊಂಡು ಕೂತರು, ಗೇಟಿನ ಕಾವಲುಗಾರ ಏನಾಯಿತೆಂದು ಓಡಿಬಂದ. ಎಲ್ಲರ ನಗುವನ್ನೂ ಮೀರಿ ಮಾವನವರದೇ ಕೇಳುತ್ತಿತ್ತು.

೯. ಗೊತ್ತಿದ್ದೂ ಯಾಕೆ ಬಂದಿರಿ ಎಂದು ವಾಪಸು ಬಸ್ಸಿನಲ್ಲಿ ಕೇಳಿದೆ. "ನೋಡ್ಬೇಕು ಅಂತ ನಂಗೂ ಆಸೆ ಇತ್ತು ಕಣ್ರೀ. ಕರೀದೆ ಎಂಗೆ ಓಗೋದು? ಸದ್ಯ, ನೀವಾರ ಕರುದ್ರಿ" ಎಂದರು. ಆಮೇಲೆ, "ಅಟ್ಟಿ ಚೆಂದಾಗೈತೆ. ಸಾಹೇಬ್ರು ಸುಳ್ಳು ಏಳ್ನಿಲ್ಲ. ಅಸ ಮಾತ್ರ ನಂದಲ್ಲ, ನಿಮ್ಮತ್ತೇದು. ಅವುಳ್ನ ಕೇಳಿ" ಎಂದರು.

ಕಾರಣ, ನಾನು ಎರಡೂ ಕಡೆ ತೂಗಿ ನೋಡಲಾಗಿ: ಕಂಪನಿಯು ಗಟ್ಟಿಯಾಗಿದೆ, ಹೆಸರಿದೆ, ಷೇರು ಸಗಣಿ ಹಾಕುವುದಿಲ್ಲ, ಹುಲ್ಲೂ ಕೇಳುವುದಿಲ್ಲ. ಆದರೆ ಕಾಫಿಗೂ ಬರುವುದಿಲ್ಲ. ಅಲ್ಲದೆ ಬೆಳಿಗ್ಗೆ ತಾವು ಹಟ್ಟಿಗೆ ಹೋದಾಗ ಕೌಲಿ ಕತ್ತು ಚಾಚುವುದನ್ನೂ, ತಾವು ಕಂಬಕ್ಕೆ ಹೇಳದ ಮಾತನ್ನು ಅದಕ್ಕೆ ಹೇಳುವುದನ್ನೂ ಈ ಎರಡು ದಿನ ಕಿಟಕಿಯ ಹಿಂದೆ ಕೂತು ಕಂಡು, ಕೇಳಿರುತ್ತೇನೆ. ಈ ಸಲ ದನಿ ತೆಗೆಯಲಿಲ್ಲ.

ಆದ್ದರಿಂದ ಕೌಲಿಯನ್ನು ಮಾರುವ ಪ್ರಸ್ತಾವನೆಯನ್ನು ಬೇಷರತ್ತಾಗಿ ಹಿಂತೆಗೆದುಕೊಂಡಿರುತ್ತೇನೆ. ಮದುವೆಯಲ್ಲಿ ತಾವು ಮಗಳಿಗೆ ಬಳುವಳಿಯೆಂದು ಹೇಳಿದ್ದ, ಕೌಲಿ ಮುಂದೆ ಹಾಕಲಿರುವ ಕರುವನ್ನು ಸಾಕಿ ದೊಡ್ಡದು ಮಾಡಿ, ಅದರಿಂದ ಬಂದದ್ದರಲ್ಲಿ ಸುನಂದಮ್ಮನವರ ಹೆಸರಿಗೆ ಷೇರು ಕೊಳ್ಳಲು ಅನುಮತಿ ಕೋರುತ್ತೇನೆ. ಸುನಂದಮ್ಮನವರು, "ಗಬ್ಬ ಆಗೋಕ್ ಮುಂಚೆನೇ ಕರ ಮಾರೋರು ಇವ್ರೊಬ್ರೆ" ಎಂದಿದ್ದು, ಇದನ್ನು ಒಪ್ಪಿಗೆಯೆಂದು ಭಾವಿಸಲಾಗಿದೆ. ಅಲ್ಲಿಯವರೆಗೆ ಕಾಯುವಂತೆ ಕಂಪನಿಗೆ ಪತ್ರ ಬರೆದಿದ್ದೇನೆ.

ತಮ್ಮ ವಿಶ್ವಾಸಿ,
ಬಿ. ಚೆಲುವಯ್ಯ

ಲಗತ್ತುಗಳು:
೧. ಸೆಲ್ಲು, ಎರಡು (ಬಿಸಿಲು ಕಾದವು).
೨. ಮೂರು ಕಾಲಿನ ಟ್ರಾನ್ಸಿಸ್ಟರ್, ಒಂದು (ಹುಲ್ಲಿಗೆ ಬದಲಾಗಿ ಮ್ಯಾನೇಜರು ಕೊಟ್ಟದ್ದು).
೩. ಖಾಲಿ ಲೋಟ.

ವಿ.ಸೂ.: ಇದನ್ನು ಓದಿಸುವಾಗ ಮಾವನವರನ್ನು ದೂರ ಕಳುಹಿಸಬೇಕು. ಸೋಮವಾರ ಶುರುವಾದ ಅವರ ನಗು ಇನ್ನೂ ನಿಂತಿಲ್ಲ. ಬರೆಯುತ್ತಿರುವ ಈ ಹೊತ್ತಿಗೂ ಜಗಲಿಯಿಂದ ಕೇಳಿಬರುತ್ತಿದ್ದು, ಅದಕ್ಕೆ ತಿರುಗಿಸುವ ಗುಂಡಿ ಸಿಗುತ್ತಿಲ್ಲ. ಕರುವಿನ ವಿಷಯ ತೀರ್ಮಾನವಾಗಲು ತಡವಾದರೂ ಅಭ್ಯಂತರವಿಲ್ಲ. ಲಗತ್ತು ೩ನ್ನು ಮಾತ್ರ ತುರ್ತಾಗಿ ಪರಿಗಣಿಸಿ, ಹಾಲು ಹಾಕಿ ಹಿಂದಿರುಗಿಸಬೇಕಾಗಿ ವಿನಂತಿ.