ಮೆಹದಿಪಟ್ಟಣಂ ಬಸ್ಸಿನ ಗೂಢಚಾರ

ನಮ್ಮ ಮಾಮಾ ಬರ್ಲಿನ್ ನಗರವನ್ನು ಹನ್ನೊಂದು ಸಲ ಸುಟ್ಟಿದ್ದಾರೆ. ಹೆದರಬೇಡಿ, ತಮ್ಮ ಪತ್ತೇದಾರಿ ಕಾದಂಬರಿಗಳಲ್ಲಿ! ಸ್ವತಃ ಸೊಲ್ಲಾಪುರ ದಾಟಿದವರಲ್ಲ. ಹಾಗಾಗಿ ಅವರ ಬರ್ಲಿನ್ನಿನಲ್ಲೂ ನಮ್ಮೂರಿನ ಬೇಗಂ ಬಜಾರಿನ ಗಲ್ಲಿಗಳೇ ಇವೆ. ಖಳನಾಯಕ ಇರಾನಿ ಚಹಾದಲ್ಲಿ ಬಿಸ್ಕತ್ತು ಅದ್ದಿ ತಿಂದ ಮೇಲೆಯೇ ಬಾಂಬಿನ ಗುಂಡಿ ಒತ್ತುತ್ತಾನೆ. ಹಗಲೆಲ್ಲ ಕುಷಾಯಿಗೂಡದ ಕಡೆ ಗುಮಾಸ್ತಿಕೆ, ಸಂಜೆ ವಿಶ್ವಯುದ್ಧ. ಓದುಗರು ಇಬ್ಬರು: ಕರಡು ತಿದ್ದುವವನು ಮತ್ತು ನನ್ನ ಅವ್ವ. ಅವ್ವ ಮೂರನೇ ಪುಟಕ್ಕೆ ನಿದ್ದೆ ಹೋಗುತ್ತಾಳೆ.

ಇಂಥವರಿಗೆ ನಿಜವಾದ ಬೇಹುಗಾರಿಕೆ ಒದಗಿದ್ದು ನನ್ನ ಅಕ್ಕನ ಮದುವೆಯ ದೆಸೆಯಿಂದ. ಹೈಟೆಕ್ ಸಿಟಿ ಆಗತಾನೇ ಮೇಲೆದ್ದ ಕಾಲ. ಕೊರಳಿಗೆ ಟ್ಯಾಗ್ ನೇತುಹಾಕಿಕೊಂಡವರೆಲ್ಲ ಸಾಫ್ಟ್‌ವೇರ್ ವರಗಳೇ! ಹಿಂದಿನ ವರ್ಷ ಮಾಮಾ ಒಪ್ಪಿಸಿದ ವರನಿಗೂ ಟ್ಯಾಗ್ ಇತ್ತು. ನಿಶ್ಚಿತಾರ್ಥವಾದ ಮೇಲೆ ತಿಳಿಯಿತು, ಅದು ಯಾವುದೋ ಕಂಪ್ಯೂಟರ್ ಮೇಳದಲ್ಲಿ ಬಂದವರಿಗೆಲ್ಲ ಪುಕ್ಕಟೆ ಹಂಚಿದ್ದು. ಸಂಬಂಧ ಮುರಿಯಿತು. ಅಂದಿನಿಂದ ಅಕ್ಕ ನಗುವುದನ್ನೇ ಬಿಟ್ಟಳು. ನಾನು ಮನೆ ಮಾಲೀಕನ ಕೆಮ್ಮು, ಅವ್ವನ ಆಕಳಿಕೆ, ನೆಗಡಿಯಾದ ಮಾಮಾ, ಎಲ್ಲ ಮಿಮಿಕ್ರಿ ಮಾಡಿ ನೋಡಿದೆ. ಊಹೂಂ.

ಈಗ ಇನ್ನೊಂದು ಸಂಬಂಧ ಬಂದಿತ್ತು. ಹುಡುಗ ಬೀದರ್ ಕಡೆಯವನು, ಹೈಟೆಕ್ ಸಿಟಿಯಲ್ಲಿ ಇಂಜಿನಿಯರ್ ಅಂತೆ. ಆ ‘ಅಂತೆ’ಗೇ ಮಾಮಾ ಎದೆ ತಟ್ಟಿಕೊಂಡರು. “ಈ ಸಲ ಮೋಸ ಹೋಗಂಗಿಲ್ಲ. ನಾನೇ ಅವನ ಬೆನ್ನ ಹತ್ತೀನಿ!”

ಮೊದಲ ಕಾರ್ಯಾಚರಣೆ ನನ್ನದು. ಅಮೆರಿಕದ ಗಿರಾಕಿಯ ದನಿಯಲ್ಲಿ ಕಂಪನಿಗೆ ಫೋನ್ ಮಾಡಿ ಹುಡುಗನನ್ನು ವಿಚಾರಿಸಬೇಕು. ಮೂಗಿನಿಂದ, ಗಂಟಲಿನಿಂದ, ಇದ್ದಬದ್ದ ಕಡೆಯಿಂದೆಲ್ಲ ಇಂಗ್ಲಿಷ್ ಹೊರಡಿಸಿದೆ. ಆ ಕಡೆಯ ಹೆಣ್ಣುಮಗಳು, “ಭಯ್ಯಾ, ಪಾನೀ ಕಾ ಕ್ಯಾನ್ ಕಲ್ ಲಾನಾ” ಎಂದು ನೀರಿನ ಕ್ಯಾನ್ ತರುವವನಿಗೆ ಹೇಳುವಂತೆ ಹೇಳಿ ಫೋನ್ ಇಟ್ಟಳು!

ಇನ್ನು ಹಿಂಬಾಲಿಸುವುದೊಂದೇ ದಾರಿ. ಮಾಮಾ ರಜೆ ಹಾಕಿದರು. ಕಪ್ಪು ಕನ್ನಡಕ ಏರಿಸಿ, ತಮ್ಮ ಕಥಾನಾಯಕನಂತೆಯೇ ಪತ್ರಿಕೆಗೆ ಎರಡು ತೂತು ಕೊರೆದುಕೊಂಡು, ಮೆಹದಿಪಟ್ಟಣಂನಲ್ಲಿ ಫೋಟೋದಲ್ಲಿ ಕಂಡಿದ್ದ ಹುಡುಗ ಹತ್ತಿದ ಬಸ್ಸನ್ನೇ ಹತ್ತಿದರು. ಬಾಲದಂತೆ ನಾನು.

“ಮಾಮಾ, ಸಣ್ಣಗ ಮಾತಾಡ್ರಿ. ಅವಗ ಕೇಳಸ್ತೈತಿ.”

“ಕನ್ನಡದಾಗ ಅಲ್ಲೇನಲೇ ಮಾತಾಡೂದು, ಹುಚ್ಚಪ್ಯಾಲಿ! ಈ ತೆಲುಗು-ಹಿಂದಿ ಊರಾಗ ಇದಕ್ಕಿಂತ ಗುಪ್ತಭಾಷಾ ಯಾವುದೈತಿ?”

ನಿಜವೇ ಅನ್ನಿ. ಬೇಗಂ ಬಜಾರಿನಲ್ಲಿ ಅವ್ವ ವ್ಯಾಪಾರಿಯ ಮೂಗಿನ ಮುಂದೆಯೇ “ಅರ್ಧಕ್ಕ ಕೇಳು, ಈ ಕಳ್ಳ ಕೊಡ್ತಾನ” ಎಂದು ನನಗೆ ಹೇಳಿ, ಮರುಕ್ಷಣವೇ ಅವನನ್ನು ಹಿಂದಿಯಲ್ಲಿ ‘ಭಾಯಿಸಾಬ್’ ಎನ್ನುವುದಿಲ್ಲವೇ? ನಮ್ಮ ಕನ್ನಡ ಹೊಸ್ತಿಲು ದಾಟಿದರೆ ಬೀಗ ಹಾಕಿದ ಪೆಟ್ಟಿಗೆ!

ಹುಡುಗನ ಸೀಟಿನ ಹಿಂದೆ ನಿಂತು ಮಾಮಾ ಮೂರು ದಿನ ನೇರ ಪ್ರಸಾರ ಮಾಡಿದರು. “ಮಂದಿ ಕಾಲ ತುಳದ್ರೂ ಬೈಯಂಗಿಲ್ಲ, ನೆನಪಿಟ್ಟಕೋ. ನೆತ್ತಿ ಮ್ಯಾಲ ಕೂದಲಾ ಕಡಿಮಿ, ಅದನ್ನ ನಿಮ್ಮವ್ವಗ ಹೇಳಬ್ಯಾಡ.” ಹುಡುಗನ ಕೈ ನೆತ್ತಿಗೆ ಹೋಯಿತು. ಕಾಕತಾಳೀಯ ಎಂದುಕೊಂಡೆವು!

ಮೂರನೆಯ ದಿನ ಕಂಬಿಗೆ ಜೋತುಬಿದ್ದ ಮಾಮಾ ಇದ್ದಕ್ಕಿದ್ದಂತೆ ಅಂದರು: “ಅಪ್ಪ ಇಲ್ಲದ ಕೂಸಲೇ ನಿಮ್ಮಕ್ಕ. ಹೋದ ಸಲ ಕಣ್ಣ ಮುಚ್ಚಿ ಒಪ್ಪಿಸಿದಂವ ನಾನು. ತಪ್ಪ ನಂದು, ನಗೀ ಹೋದದ್ದು ಅಕೀದು. ಈ ಸಂಬಂಧನೂ ಮುರದ್ರ ಅಕೀ ಮುಂದ ಹೆಂಗ ನಿಂದರ್ಲಿ?” ಮಾಮಾನ ಪಿಸುಮಾತೆಂದರೆ ಕಂಡಕ್ಟರನೂ ತಿರುಗಿ ನೋಡುವಂಥದ್ದು.

ಹುಡುಗ ಎದ್ದು ನಿಂತ.

“ಕಾಕಾರ, ನೀವು ಕೂಡ್ರಿ. ಮೂರು ದಿನದಿಂದ ನಿಂತೇ ಬರಾಕತ್ತೀರಿ.”

ಕನ್ನಡ! ಬೀದರಿನ ಹುಡುಗ ಕನ್ನಡವಲ್ಲದೆ ಫ್ರೆಂಚ್ ಮಾತಾಡುತ್ತಾನೆಯೇ? ಬರ್ಲಿನ್ ಸುಟ್ಟವರಿಗೂ ಅದು ಹೊಳೆದಿರಲಿಲ್ಲ, ಅವರನ್ನು ಆಡಿಕೊಳ್ಳುವ ನನಗೂ ಹೊಳೆದಿರಲಿಲ್ಲ. ತೂತಿನ ಪತ್ರಿಕೆಯೂ ಕನ್ನಡದ್ದೇ. ದಿನಾ ಬಸ್ ಸ್ಟಾಪಿನಲ್ಲಿ ಅದರ ಹಿಂದಿನ ಪುಟ ಓದುತ್ತಿದ್ದನಂತೆ! ನಾನು ಥಟ್ಟನೆ ಕಿಟಕಿಯ ಕಡೆ ತಿರುಗಿ ತೆಲುಗಿನವನಾದೆ.

ಹುಡುಗ ನಮ್ಮನ್ನು ಆಫೀಸಿನ ಗೇಟಿನವರೆಗೂ ಕರೆದೊಯ್ದ. ಕಾವಲುಗಾರ ಅವನಿಗೆ ಸಲಾಮು ಹೊಡೆದ. ಟ್ಯಾಗಿನಲ್ಲಿ ಅವನದೇ ಹೆಸರು, ಅವನದೇ ಕೂದಲಿಲ್ಲದ ನೆತ್ತಿ. ಎದುರಿನ ಅಂಗಡಿಯಲ್ಲಿ ಚಹಾ ಕೊಡಿಸಿ, ನೆಲ ನೋಡುತ್ತ ಹೇಳಿದ:

“ಆ ಮುರಿದ ಸಂಬಂಧದ ಸುದ್ದಿ ನಮ್ಮ ಮನ್ಯಾಗ ಗೊತ್ತಾಗೇತ್ರಿ. ಬ್ಯಾಡ ಅನ್ನಾಕತ್ತಾರ. ನಾನೂ ಹೂಂ ಅಂದಿದ್ದೆ. ಇವತ್ತ ಹೋಗಿ ಹೇಳ್ತೀನ್ರಿ, ಆ ಮನಿ ಮಂದಿ ಹೆಂಗದಾರಂತ ಮೂರು ದಿನ ನಾನೇ ಪತ್ತೇದಾರಿ ಮಾಡೀನಿ ಅಂತ. ನಿಮ್ಮ ಹುಡುಗಿಗೆ ಮನಸ್ಸಿದ್ರ ಬರ್ತೀನಿ.”

ಮನೆಗೆ ಬಂದಾಗ ಅವ್ವ ಕೇಳಿದಳು, “ಹುಡುಗ ಹೆಂಗದಾನೋ?” ಬಾಗಿಲ ಮರೆಯಲ್ಲಿ ಅಕ್ಕ ನಿಂತಿದ್ದಳು. ಕಥಾನಾಯಕ ಬಾಗಿಲು ಮುಚ್ಚುವುದಕ್ಕೇ ನಾಲ್ಕು ಪುಟ ಬರೆಯುವ ಮಾಮಾ ಕುರ್ಚಿಯಲ್ಲಿ ಕೂತು ಕಪ್ಪು ಕನ್ನಡಕ ಒರೆಸತೊಡಗಿದರು. ಸರಿ, ಹುಡುಗನ ದನಿ ನಾನೇ ಮಾಡಿ ತೋರಿಸೋಣವೆಂದು ಬಾಯಿ ತೆರೆದೆ. ಮಾಮಾ ಕೈಯೆತ್ತಿ ತಡೆದರು. ಕುರ್ಚಿಯಿಂದ ಎದ್ದರು, ಅದನ್ನು ಅಕ್ಕನ ಕಡೆ ಸರಿಸಿದರು, ಹುಡುಗನಂತೆಯೇ ತಲೆ ಬಗ್ಗಿಸಿ “ನೀವು ಕೂಡ್ರಿ” ಅಂದರು.

ದನಿ ಒಂದಿಷ್ಟೂ ಹೋಲಲಿಲ್ಲ. ನೆಗಡಿಯಾದ ಮಾಮಾನಂತೆಯೇ ಇತ್ತು.

ಅಕ್ಕ ನಕ್ಕುಬಿಟ್ಟಳು.