ನಮ್ಮ ಹುಡುಗಿಯ ವೀಳ್ಯ ಹೊತ್ತೊಯ್ದ ಹಳೆ ಮೋಟಾರು ಕ್ಲಬ್ಬಿಗೆ

ವಾಮಂಜೂರು
೨೬ ಅಕ್ಟೋಬರ್ ೧೯೩೬

ಮಂಗಳೂರಿನ ಹಳೆ ಮೋಟಾರು ಪ್ರೇಮಿಗಳ ಕ್ಲಬ್ಬಿನ ಘನ ಕಾರ್ಯದರ್ಶಿಗಳ ಸಮ್ಮುಖಕ್ಕೆ, ಮತ್ತು ಅವರು ಓದದಿದ್ದಲ್ಲಿ ಓದಬಲ್ಲ ಇತರ ಸಮಸ್ತರ ತಿಳಿವಳಿಕೆಗೆ,

ಮಾನ್ಯರೇ,

ವಾಮಂಜೂರಿನ ಬೇಸಾಯಗಾರ ನೋಣಯ್ಯನು ತಮಗೂ, ತಮ್ಮ ಅಧ್ಯಕ್ಷರಿಗೂ, ತಮ್ಮ ಹದಿನಾಲ್ಕು ಮಂದಿ ಸದಸ್ಯರಿಗೂ, ಅವರನ್ನು ಹೊತ್ತು ತಂದ ಐದು ಮೋಟಾರುಗಳಿಗೂ, ಅವರಿಂದ ತಳ್ಳಿಸಿಕೊಂಡು ಬಂದ ಇನ್ನೆರಡಕ್ಕೂ ಬೇರೆ ಬೇರೆಯಾಗಿ ನಮಸ್ಕಾರಗಳನ್ನು ಸಲ್ಲಿಸಿ ಮಾಡಿಕೊಳ್ಳುವ ಅರಿಕೆ ಏನೆಂದರೆ, ಇದೇ ತಿಂಗಳು ಹತ್ತನೆಯ ತಾರೀಕು ಶನಿವಾರ ತಾವು ನಮ್ಮ ಮನೆಯಲ್ಲಿ ಉಂಡು ಹೊರಡುವಾಗ ಕೊಂಡುಹೋದ ಕಂಚಿನ ಹರಿವಾಣವನ್ನು ದಯಮಾಡಿ ಹಿಂದೆ ಕೊಡಿಸಬೇಕು. ಅದು ಬಾರದೆ ನನ್ನ ತಂಗಿಯ ಮಗಳು ನಳಿನಾಕ್ಷಿಯ ಮದುವೆ ನಡೆಯುವ ಹಾಗಿಲ್ಲ.

ತಮ್ಮ ಕ್ಲಬ್ಬಿನ ಕೀರ್ತಿಯನ್ನು ನಾನು ಮೊದಲೇ ಕೇಳಿದ್ದೆ. ಹೊಸ ಮೋಟಾರು ಕೊಳ್ಳುವ ಶಕ್ತಿಯಿದ್ದೂ, ದೊಡ್ಡ ಯುದ್ಧಕ್ಕೆ ಮೊದಲೇ ಹುಟ್ಟಿದ ಯಂತ್ರಗಳನ್ನು ಎಣ್ಣೆ ತಿಕ್ಕಿ ಸಾಕಿ, ಮಳೆ ಬಿಟ್ಟು ರಸ್ತೆ ಒಣಗಿದ ಮೇಲೆ ಶನಿವಾರ ಆದಿತ್ಯವಾರ ಎರಡು ದಿನ ಅವುಗಳಿಗೆ ಗಾಳಿ ಸೇವನೆ ಮಾಡಿಸುವ ತಮ್ಮ ವಾರ್ಷಿಕ ಪ್ರವಾಸವನ್ನು ಯಾರು ತಾನೇ ಮೆಚ್ಚುವುದಿಲ್ಲ? ಈ ಸಲದ ಪ್ರವಾಸ ಮೂಡುಬಿದಿರೆ ದಾಟಿ ಕಾರ್ಕಳದವರೆಗೆ ಎಂದು ತಾವು ಅಚ್ಚು ಹಾಕಿಸಿ ನಮ್ಮ ಅಂಗಳದಲ್ಲಿ ಬಿಟ್ಟುಹೋದ ಕಾಗದದಲ್ಲಿ ಆಮೇಲೆ ಓದಿದೆ. ಬೆಳಿಗ್ಗೆ ಎಂಟಕ್ಕೆ ಹಂಪನಕಟ್ಟೆಯಿಂದ ಹೊರಟವರು ವಾಮಂಜೂರು ಮುಟ್ಟುವಾಗ ಹನ್ನೆರಡೂವರೆ. ನೆರೆಮನೆಯ ದೇಯಿ ತಲೆಯ ಮೇಲೆ ತರಕಾರಿ ಬುಟ್ಟಿ ಹೊತ್ತು ಅದೇ ದಾರಿಯನ್ನು ಎರಡು ಗಂಟೆಯಲ್ಲಿ ನಡೆದು ಮುಗಿಸುತ್ತಾಳೆ. ಆದರೆ ಅವಳಿಗೆ ದಾರಿಯ ಸೊಬಗು ನೋಡುವ ಅಭಿರುಚಿಯಾಗಲಿ ವಿರಾಮವಾಗಲಿ ಇಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಆ ದಿನವೇ ನಮ್ಮ ಮನೆಯಲ್ಲಿ ನಳಿನಾಕ್ಷಿಯ ನಿಶ್ಚಯ ಇತ್ತು. ನಮ್ಮಲ್ಲಿ ಹೆಣ್ಣು ಕೊಡುವ ಮಾತು ಸೋದರಮಾವನದು, ಆದ್ದರಿಂದ ಬಾಳೆ ಕಂಬ, ಮಾವಿನೆಲೆಯ ತೋರಣ ಕಟ್ಟಿಸಿದವನು ನಾನೇ. ವರನ ಕಡೆಯವರು ಹೊಳೆಯಾಚೆಯ ತೊಕ್ಕೊಟ್ಟಿನವರು. ಮಳೆಗಾಲವಿಡೀ ನನಗೆ ಮೊಣಕಾಲು ನೋವು ಇದ್ದುದರಿಂದ ಮಾತುಕತೆಯೆಲ್ಲ ನೆಂಟಸ್ತಿಕೆ ಕೂಡಿಸುವ ಮೋಹನದಾಸನ ಮೂಲಕವೇ ನಡೆದಿತ್ತು. ಅವರ ಮುಖವನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಮೋಹನದಾಸನು ಕೊನೆಗೆ ಹೇಳಿ ಕಳಿಸಿದ್ದು ಒಂದೇ ಮಾತು: ‘ಮಧ್ಯಾಹ್ನದ ಹೊತ್ತಿಗೆ ಮೋಟಾರಿನಲ್ಲಿ ಬರ್ತೇವೆ.’ ತಮ್ಮ ಕಾಗದದಲ್ಲಿಯೂ, ಗುರುಪುರದ ಹತ್ತಿರ ಹಸಿರು ತೋರಣ ಕಟ್ಟಿದ ಕಡೆ ಇಳಿದು ಊಟ ಮಾಡತಕ್ಕದ್ದು ಎಂದು ಇತ್ತು. ಗುರುಪುರಕ್ಕೆ ಇನ್ನೂ ಎರಡು ಮೈಲಿ ಇದ್ದಾಗಲೇ ತಮಗೆ ತೋರಣ ಕಂಡಿತು, ನಮಗೆ ಮೋಟಾರು ಕಂಡಿತು. ಮೋಹನದಾಸನು ಕಾಣದ್ದಕ್ಕೆ, ಹಿಂದೆಲ್ಲೋ ಮೋಟಾರು ತಳ್ಳುತ್ತಾ ಬರುತ್ತಿರಬೇಕೆಂದುಕೊಂಡೆ.

ನಮ್ಮ ಕಡೆ ಅಂಗಳಕ್ಕೆ ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಕುಡಿಯಲು ನೀರು ಬೆಲ್ಲ, ಆಮೇಲೆ ಎಲೆ ಹಾಕುವುದು. ಯಾರು, ಎಲ್ಲಿಂದ, ಯಾವ ವಿಷಯಕ್ಕೆ ಬಂದದ್ದು ಎಂಬುದೆಲ್ಲ ಕೈ ತೊಳೆದ ಮೇಲೆ. ಉಣ್ಣುವ ಮೊದಲು ಗುರುತು ಕೇಳಿದರೆ ಬಡಿಸುವ ಮನಸ್ಸಿಲ್ಲವೆಂದು ಅರ್ಥವಾಗುತ್ತದೆ. ತಮ್ಮ ಕ್ಲಬ್ಬಿನಲ್ಲಿಯೂ ಇದೇ ಸಂಪ್ರದಾಯವಿರಬೇಕು, ಏಕೆಂದರೆ ತಮ್ಮಲ್ಲಿಯೂ ಯಾರೊಬ್ಬರೂ ಇದು ಯಾರ ಮನೆ ಎಂದು ಕೇಳಲಿಲ್ಲ.

ತಾವು ಉಂಡ ಚಂದವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಆರು ಕೋಳಿ, ಒಂದು ದೊಡ್ಡ ಬುಟ್ಟಿ ರೊಟ್ಟಿ, ಹೆಸರುಬೇಳೆ ಪಾಯಸದ ಹಂಡೆ, ಎಲ್ಲವೂ ಮುಕ್ಕಾಲು ಗಂಟೆಯಲ್ಲಿ ಮುಗಿದವು. ತಮ್ಮ ಮೋಟಾರುಗಳಿಗೆ ಆ ವೇಗ ಇದ್ದಿದ್ದರೆ ತಾವು ಬೆಳಗಿನ ತಿಂಡಿಗೇ ಕಾರ್ಕಳದಲ್ಲಿ ಇರುತ್ತಿದ್ದಿರಿ. ತಾವೆಲ್ಲ ನಡುನಡುವೆ ಇಂಗ್ಲಿಷಿನಲ್ಲಿ ಮಾತಾಡುವುದನ್ನು ಕೇಳಿ, ವರನ ಮನೆಯವರು ಇಷ್ಟೊಂದು ವಿದ್ಯಾವಂತರೇ ಎಂದು ನಾನು ಒಳಗೊಳಗೇ ಹಿಗ್ಗಿದೆ. ತಂಗಿ ಮುದ್ದು ನನ್ನ ಕಿವಿಯ ಹತ್ತಿರ ಬಂದು, ‘ಅಣ್ಣಾ, ಇದರಲ್ಲಿ ಮದುಮಗ ಯಾರು?’ ಎಂದು ಕೇಳಿದಳು. ಧೂಳಿನ ಕನ್ನಡಕವನ್ನು ಊಟದಲ್ಲಿಯೂ ತೆಗೆಯದೆ ಮೂರನೆಯ ಸಲ ಪಾಯಸ ಹಾಕಿಸಿಕೊಳ್ಳುತ್ತಿದ್ದ ತಮ್ಮ ತರುಣ ಸದಸ್ಯರೊಬ್ಬರನ್ನು ತೋರಿಸಿ, ‘ಅವನೇ ಇರಬೇಕು, ನಾಚಿಕೆ ಉಂಟು ಪಾಪ’ ಎಂದೆ. ಆ ಮಾತನ್ನು ಈಗ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಊಟವಾದ ಮೇಲೆ ದೀಪದ ಮುಂದೆ ಐದು ವೀಳ್ಯದೆಲೆ, ಒಂದು ಅಡಿಕೆ ಇಟ್ಟ ಹರಿವಾಣವನ್ನು ತಮ್ಮಲ್ಲಿ ಹಿರಿಯರಾಗಿ ಕಂಡ ಬಿಳಿಮೀಸೆಯ ಅಧ್ಯಕ್ಷರ ಕೈಗೆ ಕೊಟ್ಟೆ. ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡರೆ ಹುಡುಗಿಯನ್ನು ತೆಗೆದುಕೊಂಡ ಹಾಗೆ. ಅಧ್ಯಕ್ಷರು ಎರಡು ಕೈಯಲ್ಲಿಯೇ ತೆಗೆದುಕೊಂಡರು, ತಲೆಯ ಮೇಲೆತ್ತಿ ಎಲ್ಲರಿಗೂ ತೋರಿಸಿದರು, ಇಂಗ್ಲಿಷಿನಲ್ಲಿ ಸಣ್ಣದೊಂದು ಭಾಷಣವನ್ನೂ ಮಾಡಿದರು. ಗಂಡಿನ ಕಡೆಯವರು ಬದಲಿಗೆ ತಮ್ಮ ವೀಳ್ಯ ಕೊಡಬೇಕಾದಲ್ಲಿ, ಅವರು ಚಕ್ರದ ಗುರುತಿದ್ದ ಹಿತ್ತಾಳೆಯ ಬಿಲ್ಲೆಯೊಂದನ್ನು ನನ್ನ ಅಂಗಿಗೆ ಚುಚ್ಚಿದರು. ಹೊಳೆಯಾಚೆಯ ಪದ್ಧತಿ ಹೀಗೂ ಇರಬಹುದೆಂದು ನಾನು ಕೈ ಮುಗಿದೆ. ಚಪ್ಪಾಳೆಯಾಯಿತು, ಪಟ ತೆಗೆದದ್ದಾಯಿತು, ಹರಿವಾಣವನ್ನು ಮುಂದಿನ ಮೋಟಾರಿನಲ್ಲಿಟ್ಟು ತಾವು ಪೋಂ ಪೋಂ ಎಂದು ಹೊರಟೇ ಹೋದಿರಿ. ಯಾರು, ಎಲ್ಲಿಂದ ಎಂದು ಕೇಳುವ ಸರದಿ ಬಂದಾಗ ಅಂಗಳದಲ್ಲಿ ಹೊಗೆ ಮಾತ್ರ ಇತ್ತು.

ಎರಡೂವರೆಗೆ ತೊಕ್ಕೊಟ್ಟಿನವರು ಬಂದರು, ಮೋಹನದಾಸನೂ ಸೇರಿ ಹನ್ನೊಂದು ಜನ, ನಡೆದುಕೊಂಡು. ಗೊತ್ತು ಮಾಡಿದ ಬಾಡಿಗೆ ಮೋಟಾರು ಬರಲಿಲ್ಲವೆಂದು ದೋಣಿಯಲ್ಲಿ ಹೊಳೆ ದಾಟಿ, ಬಿಸಿಲಲ್ಲಿ ಅಷ್ಟು ದೂರ ಕಾಲೆಳೆದುಕೊಂಡು ಬಂದಿದ್ದರು. ಅವರಿಗೆ ನೀರು ಬೆಲ್ಲ ಕೊಟ್ಟೆವು, ಬಾಳೆಲೆ ಹಾಕಿದೆವು, ಎಲೆಗೆ ಬಡಿಸಲು ಏನೂ ಇರಲಿಲ್ಲ. ಮುದ್ದು ಕಣ್ಣೊರೆಸಿಕೊಳ್ಳುತ್ತಾ ಗಂಜಿ ಬೇಯಿಸಿ, ಒಣಮೀನಿನ ಚಟ್ನಿ ಅರೆದಳು. ನನ್ನ ಅರುವತ್ತು ವರ್ಷದ ಬಾಳಿನಲ್ಲಿ ಅಷ್ಟು ನಾಚಿಕೆಯಾದದ್ದು ಇನ್ನೊಂದು ದಿನ ಇಲ್ಲ. ಮದುಮಗ ಗುಣಪಾಲನು ನಗುನಗುತ್ತಲೇ ಗಂಜಿ ಉಂಡ. ಅವನ ಸೋದರಮಾವ ಬೂಬರೂ ಉಂಡರು, ಆಮೇಲೆ ನಡೆದದ್ದನ್ನು ಪೂರ್ತಿ ಕೇಳಿ, ನನ್ನ ಅಂಗಿಯ ಬಿಲ್ಲೆಯನ್ನು ಬಹಳ ಹೊತ್ತು ನೋಡಿ ಹೇಳಿದರು: ‘ಹುಡುಗಿ ನಮಗೆ ಒಪ್ಪಿಗೆ ಉಂಟು ನೋಣಯ್ಯ. ಆದರೆ ಒಬ್ಬರ ಕೈಗೆ ಕೊಟ್ಟ ವೀಳ್ಯ ವಾಪಸು ಬಾರದೆ ನಾನು ಇನ್ನೊಂದು ಮುಟ್ಟುವುದು ಹೇಗೆ? ನಾಳೆ ಜನ ಎಂತ ಹೇಳುವುದಿಲ್ಲ ಮಾರಾಯ?’ ದೀಪಾವಳಿಯವರೆಗೆ ಕಾಯುತ್ತೇನೆ, ಆಮೇಲೆ ಬೇರೆ ಕಡೆ ನೋಡಬೇಕಾಗುತ್ತದೆ ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ.

ಇದನ್ನೆಲ್ಲ ವಿವರಿಸಿ ಬರೆದ ನನ್ನ ಮೊದಲ ಪತ್ರಕ್ಕೆ ತಾವು ತಡಮಾಡದೆ ಉತ್ತರ ಬರೆದದ್ದು ತಮ್ಮ ದೊಡ್ಡತನ. ಹರಿವಾಣವನ್ನು ಈ ವರ್ಷದ ಪ್ರವಾಸದ ಪಾರಿತೋಷಕವೆಂದು ದಾಖಲೆ ಮಾಡಿ ಗಾಜಿನ ಕಪಾಟಿನಲ್ಲಿ ಇಟ್ಟಿರುವುದಾಗಿಯೂ, ಮಹಾಸಭೆಯ ನಿರ್ಣಯವಿಲ್ಲದೆ ಪಾರಿತೋಷಕ ಹೊರಗೆ ಹೋಗತಕ್ಕದ್ದಲ್ಲವೆಂದೂ, ಮಹಾಸಭೆ ಬರುವ ಮಾರ್ಚಿಯಲ್ಲೆಂದೂ, ಪಾಯಸಕ್ಕೆ ಬೆಲ್ಲ ಒಂದು ಚೂರು ಹೆಚ್ಚಾಗಿತ್ತೆಂದೂ ತಿಳಿಸಿದ್ದೀರಿ. ಜೊತೆಗೆ ನಾನು ಹರಿವಾಣ ಕೊಡುತ್ತಿರುವ ಪಟವನ್ನೂ ಕಳಿಸಿದ್ದೀರಿ. ಚಂದ ಬಂದಿದೆ. ಬೂಬರಿಗೆ ಬೇರೆ ಸಾಕ್ಷಿ ಬೇಕಾಗಲಾರದು.

ನಿಯಮಕ್ಕೆ ತಲೆಬಾಗುವವನು ನಾನು. ಹರಿವಾಣ ಬಿಟ್ಟುಕೊಡಲು ಸಾಧ್ಯವೇ ಇಲ್ಲವಾದರೆ ತಮ್ಮ ಕ್ಲಬ್ಬು ನಮ್ಮ ಹುಡುಗಿಯನ್ನು ಮದುವೆಯಾಗಬೇಕೆಂದು ವಿನಯಪೂರ್ವಕ ಕೇಳಿಕೊಳ್ಳುತ್ತೇನೆ. ವೀಳ್ಯ ತೆಗೆದುಕೊಂಡದ್ದು ಕ್ಲಬ್ಬಿನ ಹೆಸರಿನಲ್ಲಿ ಆದ್ದರಿಂದ ಒಬ್ಬ ಸದಸ್ಯರ ಮೇಲೆ ಭಾರ ಹಾಕುವುದು ನ್ಯಾಯವಲ್ಲ. ಕ್ಲಬ್ಬು ಹುಟ್ಟಿದ ದಿನ, ಗಳಿಗೆ, ನಕ್ಷತ್ರ ತಿಳಿಸಿದರೆ ಜಾತಕ ಕೂಡಿಸಿ ನೋಡುತ್ತೇವೆ. ತಾಯಿಯ ಕಡೆಯಿಂದ ಬಂದ ಬಳಿ, ಅಂದರೆ ಕುಲ, ಯಾವುದೆಂದೂ ತಿಳಿಸಬೇಕು, ನಮ್ಮ ಬಳಿಯೇ ಆಗಿದ್ದರೆ ಸಂಬಂಧ ಆಗುವುದಿಲ್ಲ. ಅಥವಾ ಮೋಟಾರುಗಳಲ್ಲಿಯೇ ಒಂದನ್ನು ವರನೆಂದು ಆರಿಸುವುದಾದರೂ ನಮ್ಮ ಅಡ್ಡಿಯಿಲ್ಲ. ಬೆಳಿಗ್ಗೆ ಎಬ್ಬಿಸಲು ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಾದ ಗಂಡಂದಿರು ವಾಮಂಜೂರಿಗೆ ಹೊಸಬರಲ್ಲ. ಆದರೆ ಗದ್ದೆಗೆ ಇಳಿಯುವಂಥದ್ದನ್ನೇ ಕಳಿಸಬೇಕು.

ಇಷ್ಟು ತಮಾಷೆಯಾಗಿ ಬರೆದರೂ ನನಗೆ ನಿದ್ರೆ ಇಲ್ಲ, ಮಾನ್ಯರೇ. ಮಾತು ಕೊಟ್ಟವನು ನಾನು, ಬಂದವರ ಮುಖ ಸರಿಯಾಗಿ ನೋಡದೆ ಕೊಟ್ಟವನೂ ನಾನು, ಅದರ ಫಲ ಉಣ್ಣಬೇಕಾದವಳು ಮಾತ್ರ ಆ ಹುಡುಗಿ. ಆದ್ದರಿಂದ ಬರುವ ಆದಿತ್ಯವಾರ, ನವೆಂಬರ ಒಂದನೆಯ ತಾರೀಕು, ಬೆಳಿಗ್ಗೆ ಹತ್ತು ಗಂಟೆಗೆ ನಮ್ಮವರೂ ತೊಕ್ಕೊಟ್ಟಿನವರೂ ಸೇರಿ ಅರುವತ್ತೆರಡು ಜನ ತಮ್ಮ ಕ್ಲಬ್ಬಿಗೆ ಬರುತ್ತಿದ್ದೇವೆ. ಹರಿವಾಣ ಹೊರಗೆ ಹೋಗದಿದ್ದರೆ ಬೇಡ, ಕಪಾಟಿನ ಮುಂದೆಯೇ ದೀಪ ಹಚ್ಚುತ್ತೇವೆ. ತಮ್ಮ ಅಧ್ಯಕ್ಷರು ಅದನ್ನು ಎರಡು ಕೈಯಲ್ಲಿ ನನಗೆ ಹಿಂದೆ ಕೊಡಲಿ, ನಾನು ಬೂಬರಿಗೆ ಕೊಡುತ್ತೇನೆ, ಬೂಬರು ಒಪ್ಪಿದ್ದಾರೆ. ಎಲ್ಲರೂ ನಡೆದೇ ಬರುವುದರಿಂದ ಹೇಳಿದ ಹೊತ್ತಿಗೆ ಸರಿಯಾಗಿ ತಲುಪುತ್ತೇವೆ.

ತಮ್ಮ ಬಿಲ್ಲೆಯನ್ನು ಜೋಪಾನವಾಗಿ ಇಟ್ಟುಕೊಂಡಿರುವ,
ತಮ್ಮ ವಿಶ್ವಾಸಿ,
ನೋಣಯ್ಯ

ತಾ.ಕ.: ಮಾವ ಹೇಳಿದ್ದನ್ನು ಇಷ್ಟು ಹೊತ್ತು ಬರೆದವಳು ನಳಿನಾಕ್ಷಿಯಾದ ನಾನು. ಮಾವ ಸಹಿ ಹಾಕಿ ಗದ್ದೆಗೆ ಹೋದ ಮೇಲೆ ಇದನ್ನು ಸೇರಿಸುತ್ತಿದ್ದೇನೆ. ಆ ದಿನ ತಮ್ಮ ಹದಿನಾಲ್ಕು ಮಂದಿಗೂ ಬಡಿಸಿದವಳು ನಾನೇ. ತಾವು ರೊಟ್ಟಿ ಕೇಳಿದಿರಿ, ಸಾರು ಕೇಳಿದಿರಿ, ಪಾಯಸ ಕೇಳಿದಿರಿ. ಆಮೇಲೆ ಗಂಜಿಯ ಮುಂದೆ ಕೂತ ತೊಕ್ಕೊಟ್ಟಿನವರೊಬ್ಬರು, ಹೆಸರು ನಾನಾಗಿ ಬರೆಯಲಾರೆ, ಎಲೆಗೆ ಕೈ ಹಾಕುವ ಮೊದಲು ಅಡಿಗೆಮನೆಯ ಕಡೆ ತಿರುಗಿ, ‘ನಿಮ್ಮದೆಲ್ಲ ಊಟ ಆಯಿತಾ?’ ಎಂದು ಕೇಳಿದರು. ಆಗಿರಲಿಲ್ಲ. ಹರಿವಾಣ ಕೊಟ್ಟುಬಿಡಿ.