ದೊರೆಯ ಬೇರೆ ಬಟ್ಟಲು

ಹಲಸೂರು ಕೆರೆಯ ಹಿಂದಿನ ಗಲ್ಲಿಯಲ್ಲಿ ಮುನಿರಾಜಪ್ಪನವರ ಬೆಕ್ಕು ಬೆಳಗ್ಗೆ ಮೀನಿನ ತಲೆಯನ್ನು ಮೂಸಿ ಮುಖ ತಿರುಗಿಸಿತು. ರಾದ್ಧಾಂತ ಶುರುವಾದದ್ದು ಅಲ್ಲಿಂದಲೇ.

ಆ ಬೆಕ್ಕಿನ ಹೆಸರು ದೊರೆ. ತಾತನ ಕಾಲದ ರಾಗಿ ಹೊಲದಲ್ಲಿ ಈಗ ಬಾಡಿಗೆ ಮನೆಗಳನ್ನು ಎಬ್ಬಿಸಿರುವ ಮುನಿರಾಜಪ್ಪನವರು ಆಸ್ತಿಯ ಬಗ್ಗೆ ಅಷ್ಟಾಗಿ ಜಂಬ ಕೊಚ್ಚಿದವರಲ್ಲ. ಬೆಕ್ಕಿನ ಮಾತು ಬಂತೋ, ಅವರನ್ನು ತಡೆಯುವವರೇ ಇಲ್ಲ. "ನಮ್ ದೊರೆ ಬೇರೆ ಮನೆ ತುತ್ತು ಮೂಸಿಯೂ ನೋಡಲ್ಲ ರೀ! ಕಾಯ್ಲೆ ಅಂದ್ರೇನು ಅಂತಾನೇ ಅವನಿಗೆ ಗೊತ್ತಿಲ್ಲ. ಎಲ್ಲ ನಮ್ಮನೆ ಸಾಕಣೆ!"

ಅಂಥವನು ಊಟ ಬಿಟ್ಟರೆ ಸುಮ್ಮನಿರಲಾದೀತೆ? ಮುನಿರಾಜಪ್ಪ ಅವನನ್ನು ಬುಟ್ಟಿಗೆ ಹಾಕಿ ಆಟೋ ಕರೆದರು.

"ಸಂಜೆ ಹೋಗ್ರೀ, ದೊಡ್ಡ ಡಾಕ್ಟ್ರು ಇರ್ತಾರೆ," ಎಂದಳು ಹೆಂಡತಿ ಹಂಸ.

ಪ್ರಾಣಿಗಳ ಆಸ್ಪತ್ರೆಯ ಕಡೆ ತಲೆ ಹಾಕದ ಹೆಂಡತಿಗೆ ಇದು ಹೇಗೆ ಗೊತ್ತು ಎಂದು ಕೇಳುವಷ್ಟು ವ್ಯವಧಾನ ಅವರಿಗಿರಲಿಲ್ಲ.

ಕ್ಲಿನಿಕ್ಕಿನಲ್ಲಿದ್ದವಳು ಹೊಸದಾಗಿ ಸೇರಿದ್ದ ಡಾಕ್ಟರ್ ಅಂಬ್ರೀನ್. ಬಾಯಿ ನೋಡಿದಳು, ಒಂದು ಹನಿ ರಕ್ತ ತೆಗೆದಳು, ಹುಬ್ಬು ಗಂಟಿಕ್ಕಿದಳು.

"ಅಂಕಲ್, ಪಾಸಿಟಿವ್ ಇದೆ. ಬೆಕ್ಕುಗಳ ಲ್ಯುಕೇಮಿಯಾ ವೈರಸ್."

ಮುನಿರಾಜಪ್ಪ ದೊರೆಯನ್ನು ಎದೆಗೆ ಅವಚಿಕೊಂಡರು. "ಉಳೀತಾನಾಮ್ಮಾ?"

"ವೈರಸ್ಸನ್ನ ಓಡ್ಸೋ ಔಷಧಿ ಇಲ್ಲ. ಆದ್ರೆ ಚೆನ್ನಾಗಿ ನೋಡ್ಕೊಂಡ್ರೆ ವರ್ಷಗಟ್ಟಲೆ ಬದುಕೋ ಬೆಕ್ಕುಗಳಿವೆ. ಈಗ ಒಸಡಲ್ಲಿ ಹುಣ್ಣಾಗಿದೆ, ಅದಕ್ಕೆ ಔಷಧಿ ಕೊಡ್ತೀನಿ, ತಿನ್ನೋಕೆ ಶುರು ಮಾಡ್ತಾನೆ. ಹಸಿ ಮಾಂಸ, ಮೀನು ಬೇಡ, ಬೇಯ್ಸಿ ಹಾಕಿ. ಮನೆ ಒಳಗೇ ಇರ್ಬೇಕು. ಮನಸ್ಸಿಗೆ ಬೇಜಾರು ಮಾಡ್ಬೇಡಿ. ಇನ್ನೊಂದ್ಸಲ ಟೆಸ್ಟ್ ಮಾಡಿ ಖಚಿತ ಮಾಡ್ಕೊಳ್ಳೋಣ."

"ಇದ್ರಲ್ಲೂ ಜಾತಿಗೀತಿ ಇದೆಯಾ?"

"ಎ, ಬಿ, ಸಿ ಅಂತ ಇವೆ. ಬೆಕ್ಕಿಂದ ಬೆಕ್ಕಿಗೆ ಹರಡೋದು ಎ. ಬಿ, ಸಿ ಎಲ್ಲ ಆಮೇಲೆ ಬೆಕ್ಕಿನ ಮೈಯೊಳಗೇ ಅದ್ರಿಂದ ಹುಟ್ಕೊಳ್ಳೋವು. ಬಿ ಸೇರಿದ್ರೆ ಗಡ್ಡೆ ಆಗೋದು ಜಾಸ್ತಿ, ಸಿ ಆದ್ರೆ ರಕ್ತಾನೇ ಕಮ್ಮಿ ಆಗ್ಬಿಡುತ್ತೆ. ನಮ್ಮ ಟೆಸ್ಟಲ್ಲಿ ಯಾವುದು ಅಂತ ಗೊತ್ತಾಗಲ್ಲ. ಆದ್ರೆ ಎ ಅಂತೂ ಎಲ್ರಲ್ಲೂ ಇದ್ದೇ ಇರುತ್ತೆ."

ಪೂರ್ವ ಬೆಂಗಳೂರಿನ ಜಮೀನುದಾರನ ಕಿವಿಗೆ ಬಿದ್ದದ್ದು ಒಂದೇ ಮಾತು. ಅಷ್ಟು ದುಃಖದಲ್ಲೂ ಅವರ ಬೆನ್ನು ನೆಟ್ಟಗಾಯಿತು. "ಅಂದ್ರೆ ನಮ್ದು ಎ ಖಾತಾ ಅನ್ನಿ, ಕಾಗದ ಪತ್ರ ಎಲ್ಲ ಪಕ್ಕಾ ಇರೋ ಆಸ್ತಿ ಹಾಗೆ!"

ಅಂಬ್ರೀನ್ ಆ ಮಾತು ಬಿಟ್ಟು ಮುಂದಿನದಕ್ಕೆ ಬಂದಳು. "ಬೇರೆ ಬೆಕ್ಕುಗಳ ಜೊತೆ ಒಂದೇ ಬಟ್ಟಲಲ್ಲಿ ತಿಂತಾನಾ? ಎಂಜಲಿಂದ ಹರಡುತ್ತೆ. ಮನುಷ್ಯರಿಗೇನೂ ಆಗಲ್ಲ, ಆದ್ರೆ ಆ ಬೆಕ್ಕಿನ ಮನೆಯವ್ರಿಗೆ ಹೇಳ್ಬೇಕು."

"ಛೇ ಛೇ! ಬೇರೆ ಮನೆ ಮೆಟ್ಲೂ ಹತ್ತಲ್ಲ ಅವ್ನು."

ಮನೆ ಮುಂದೆ ಬುಟ್ಟಿಯ ಮುಚ್ಚಳ ಸಡಿಲವಾದದ್ದೇ ತಡ, ದೊರೆ ಚಂಗನೆ ಹಾರಿ ಪಕ್ಕದ ಅಕ್ತರ್ ಸಾಹೇಬರ ಮೆಟ್ಟಿಲು ಹತ್ತಿಬಿಟ್ಟ.

"ಆವೋ ನವಾಬ್, ಆವೋ!" ಎಂದು ಒಳಗಿಂದ ಅಕ್ತರ್ ಹೆಂಡತಿ ಫಹ್ಮಿದಾ ಕರೆದದ್ದು ಇಡೀ ಗಲ್ಲಿಗೆ ಕೇಳಿಸಿತು.

ಮುನಿರಾಜಪ್ಪ ಏದುಸಿರು ಬಿಡುತ್ತ ಹತ್ತಿ ಹೋದರೆ ಏನು ನೋಡುವುದು! ಆ ಮನೆಯ ಬೆಕ್ಕು ಮೋತಿಗೆ ಒಂದು ಮೂಲೆಯಲ್ಲಿ ಪಿಂಗಾಣಿ ಬಟ್ಟಲು. ದೊರೆಗೆ ಬಾಗಿಲ ಹೊರಗೆ ಸ್ಟೀಲಿನದು.

"ಏನ್ ಸಾಹೇಬ್ರೇ, ನಮ್ ದೊರೆಗೆ ಬೇರೆ ಬಟ್ಟಲಾ? ಬಾಗಿಲಾಚೆ ಊಟಾನಾ? ನಮ್ಮನ್ನ ಅಷ್ಟು ದೂರ ಇಟ್ಬಿಟ್ರಾ?"

ಅಕ್ತರ್ ಹೆಂಡತಿಯ ಮುಖ ನೋಡಿದರು, ಹೆಂಡತಿ ಸೂರು ನೋಡಿದಳು. "ಅರೆ ಭಾಯ್, ಹಂಗಲ್ಲ..." ಎಂದು ಅಕ್ತರ್ ತಡವರಿಸಿದರು.

ಎದುರು ಮನೆಯ ಪದ್ಮಶ್ರೀ ಟೀಚರ್ ಹತ್ತಿರ ಹೋದರೆ ಅಲ್ಲಿ ಅವನ ಹೆಸರು ಚಿನ್ನು. ಟೀಚರ್ ಬೆಕ್ಕು ಮಿಂಚುಗೆ ಒಂದು, ಇವನಿಗೆ ಒಂದು, ಅಲ್ಲೂ ಬೇರೆ ಬಟ್ಟಲು! ಮುನಿರಾಜಪ್ಪನವರಿಗೆ ರೇಗಿಹೋಯಿತು. ಆದರೂ ದೊಡ್ಡತನ ಬಿಡದೆ ಗಲ್ಲಿಯ ಮಧ್ಯೆ ನಿಂತು ವೈರಸ್ಸಿನ ಎ, ಬಿ, ಸಿಗಳನ್ನು ಆಸ್ತಿ ಪತ್ರ ಓದಿದಂತೆ ವಿವರಿಸಿದರು. "ನೀವು ಅವಮಾನ ಮಾಡಿದ್ರೂ ನಾನು ಬಿಡಲ್ಲ. ನಿಮ್ ಬೆಕ್ಕುಗಳಿಗೂ ಟೆಸ್ಟ್ ಆಗ್ಬೇಕು. ಎಲ್ಲ ನನ್ ಜವಾಬ್ದಾರಿ, ಹತ್ತಿ ಆಟೋ!"

ಅಕ್ತರ್ ದಂಪತಿ, ಟೀಚರ್ ಮುಖ ಮುಖ ನೋಡಿಕೊಂಡು ಬುಟ್ಟಿ ತರಲು ಒಳಗೆ ಹೋದರು. ಸಂಜೆ ಎರಡು ಆಟೋಗಳ ತುಂಬ ಬೆಕ್ಕು, ಬುಟ್ಟಿ, ಕೂಗಾಟ. ಮುಂದಿನ ಆಟೋದಲ್ಲಿ ಮುನಿರಾಜಪ್ಪ ಉತ್ಸವಮೂರ್ತಿಯ ಹಾಗೆ ಕೂತಿದ್ದರು.

ಕ್ಲಿನಿಕ್ಕಿನಲ್ಲಿ ದೊಡ್ಡ ಡಾಕ್ಟರು ಅಹ್ಮದ್ ಪಾಷಾ ಎದ್ದು ಬಂದರು. ದೊರೆಯ ಹರಿದ ಕಿವಿ ಕಂಡದ್ದೇ ಮುಖ ಅರಳಿತು.

"ಅರೆ, ನವಾಬ್! ಅಂಬ್ರೀನ್, ಇವನಿಗೆ ಹೊಸ ಟೆಸ್ಟ್ ಯಾಕಮ್ಮ? ಎರಡು ಸಲ ಮಾಡಿ ಖಚಿತ ಮಾಡ್ಕೊಂಡು ಎರಡು ವರ್ಷ ಆಯ್ತಲ್ಲ. ಮೋತಿ, ಮಿಂಚು ಇಬ್ರಿಗೂ ನೆಗೆಟಿವ್ ಇತ್ತು, ವ್ಯಾಕ್ಸೀನೂ ಆಗಿದೆ. ಬಟ್ಟಲು ಬೇರೆ ಇಟ್ಟಿದೀರಿ ತಾನೇ?"

ಮುನಿರಾಜಪ್ಪ ಫಹ್ಮಿದಾ ಕಡೆ ತಿರುಗಿದರು. ಬಾಗಿಲಾಚೆಯ ಸ್ಟೀಲಿನ ಬಟ್ಟಲು ಕಣ್ಣ ಮುಂದೆ ಬಂತು.

"ಎರಡು ವರ್ಷ ಈ ವೈರಸ್ ಇಟ್ಕೊಂಡು ಇಷ್ಟು ಗಟ್ಟಿಮುಟ್ಟಾಗಿದಾನೆ ಅಂದ್ರೆ, ವ್ಹಾ! ಸಾಕಣೆ ಅಂದ್ರೆ ಇದು!" ಎಂದರು ಡಾಕ್ಟರು.

ಮುನಿರಾಜಪ್ಪನವರ ಎದೆ ತಾನಾಗಿ ಉಬ್ಬಿತು, ಕೈ ತಾನಾಗಿ ಮುಂದೆ ಹೋಯಿತು. ಡಾಕ್ಟರು ಅದನ್ನು ದಾಟಿ ಹೋಗಿ ಅಕ್ತರ್ ಕೈ ಕುಲುಕಿದರು, ಪದ್ಮಶ್ರೀಗೆ ನಮಸ್ಕಾರ ಹೇಳಿದರು.

"ನಿಮಗೆ ಹೇಳ್ಬಾರ್ದು ಅಂತಲ್ಲ ಮುನಿರಾಜಣ್ಣ," ಎಂದಳು ಫಹ್ಮಿದಾ. "ಕಾಯ್ಲೇನೇ ಗೊತ್ತಿಲ್ಲ ಅಂತ ನೀವು ಅಷ್ಟು ಖುಷೀಲಿ ಹೇಳ್ಕೊಂಡು ಓಡಾಡ್ತಿದ್ರಲ್ಲ. ಹಂಸಕ್ಕಾನೇ ಬೇಡ ಅಂದ್ರು. ಗೊತ್ತಾದ್ರೆ ಬೆಕ್ಕಿಗಿಂತ ಮುಂಚೆ ನೀವು ಊಟ ಬಿಡ್ತೀರಂತೆ!"

ಮುನಿರಾಜಪ್ಪನವರ ಕಣ್ಣು ತುಂಬಿ ಬಂತು. ಅವಮಾನವೂ ಆಯಿತು, ಇಂಥ ನೆರೆಹೊರೆ ಸಿಕ್ಕಿತಲ್ಲ ಎಂಬ ಹೆಮ್ಮೆಯೂ ಆಯಿತು.

"ಒಂದೇ ಕೊರತೆ. ಯಾವುದಾದ್ರೂ ಒಂದೇ ಮನೆ ಒಳಗಿರ್ಬೇಕು ಇವನು," ಎಂದರು ಡಾಕ್ಟರು.

"ನಮ್ಮನೇಲಿ!" ಮುನಿರಾಜಪ್ಪ ಗುಡುಗಿದರು. ಗೆದ್ದೆನೆಂದು ಬೀಗುತ್ತ ಮನೆಗೆ ಬಂದು, ಬಾಗಿಲು ಹಾಕಿ, ಹುಣ್ಣಿನ ಔಷಧಿ ಕುಡಿಸಿ, ಮೀನು ಬೇಯಿಸಿ ಇಟ್ಟರು.

"ದೊರೇ, ಬಾರಪ್ಪಾ." ದೊರೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಕದದ ಕಡೆ ಮುಖ ಮಾಡಿ ಕೂತಿದ್ದ. ಹಂಸ ಅಡುಗೆಮನೆಯಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಮುನಿರಾಜಪ್ಪ ಎದ್ದು ಕಿಟಕಿ ಭದ್ರ ಮಾಡಿದರು. ನೆಲದ ಮೇಲೆ ಕೂತು, ಯಾರಿಗೂ ಕೇಳದಷ್ಟು ಮೆಲ್ಲಗೆ ಕರೆದರು:

"ನವಾಬ್ ಸಾಹೇಬ್ರೇ... ಆವೋ..."

ಬೆಕ್ಕು ಬಾಲ ಎತ್ತಿಕೊಂಡು ಬಂದು ಬಟ್ಟಲಿಗೆ ಬಾಯಿ ಹಾಕಿತು.